ಡ್ರೈಯರಿನ ಹೀಟರೂ ಪದೇ ಪದೇ ಬೀಳುವ ಎಂ.ಸಿ.ಬಿ.ಯೂ

ಸುಗ್ಗಿಯ ಕಾಲದಲ್ಲಿ ಸಂಘದ ಕಚೇರಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ದರ ವಿಚಾರಿಸುವುದಕ್ಕೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಕಣದ ಮೇಲೆ ಟಾರ್ಪಾಲು ಎಳೆಯುವ ದಿನ ಬಂದಿತೆಂದರೆ ಪ್ರಶ್ನೆ ಬದಲಾಗುತ್ತದೆ. “ಕಾರ್ಯದರ್ಶಿಗಳೇ, ಡ್ರೈಯರಿನ ಹದಿನಾರರ ಎಂ.ಸಿ.ಬಿ. ಬೀಳ್ತಾನೇ ಇದೆ. ಮೂವತ್ತೆರಡರದು ಹಾಕಿಬಿಡಲಾ?”

ಹಾಕಬೇಡಿ. ಹಾಗೆ ಹಾಕಿ ಅನುಭವಿಸಿದವನು ನಾನೇ. ಆದ್ದರಿಂದ ಆ ಕಥೆಯನ್ನು ಮೊದಲು ಹೇಳಿ ಮುಗಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ತಟ್ಟೆ ಡ್ರೈಯರ್ ಕಟ್ಟಿಸಿದೆ. ಒಂದು ಬ್ಲೋಯರ್, 2 ಕಿಲೋವ್ಯಾಟಿನ ಮೂರು ಹೀಟರ್. ಮೀಟರ್ ಬೋರ್ಡಿನಿಂದ ಶೆಡ್ಡಿಗೆ ಸುಮಾರು 30 ಮೀಟರ್ ದೂರ. ಅಲ್ಲಿಗೆ ಎಳೆದಿದ್ದುದು 2.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಹೀಟರಿನ ಸಾಲಿಗೆ 16 ಆಂಪಿಯರಿನ ಎಂ.ಸಿ.ಬಿ. ಬ್ಲೋಯರಿಗೆ ಬೇರೆ ಸಾಲು. ಎರಡು ಹೀಟರ್ ಹಾಕಿದರೆ ಸಂಜೆಯೆಲ್ಲ ಚೆನ್ನಾಗಿ ಓಡುತ್ತಿತ್ತು. ಮಧ್ಯರಾತ್ರಿ ಕಳೆದ ಮೇಲೆ ಎಂ.ಸಿ.ಬಿ. ಬೀಳುತ್ತಿತ್ತು. ಎದ್ದು ಹೋಗಿ ಎತ್ತಿದರೆ ಮತ್ತೆ ಮುಕ್ಕಾಲು ಗಂಟೆ. ಮೂರು ರಾತ್ರಿ ಹೀಗೆ ಕಳೆದ ಮೇಲೆ ತಾಳ್ಮೆ ಕೆಟ್ಟಿತು. ಎಂ.ಸಿ.ಬಿ.ಯೇ ದುರ್ಬಲವೆಂದು ತೀರ್ಮಾನಿಸಿ, 32 ಆಂಪಿಯರಿನದನ್ನು ತಂದು ಕೂರಿಸಿ, ಅದೇ ಧೈರ್ಯದಲ್ಲಿ ಮೂರನೆಯ ಹೀಟರನ್ನೂ ಚಾಲೂ ಮಾಡಿ ಮಲಗಿದೆ. ಬೆಳಗಿನ ಜಾವ ನಮ್ಮ ಮನೆಯವರಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದು ಎಬ್ಬಿಸಿದರು. ತೊಲೆಯ ಪಕ್ಕದ ಪೈಪಿನೊಳಗೆ ತಂತಿಯ ಹೊದಿಕೆ ಕರಗಿ ತೊಟ್ಟಿಕ್ಕುತ್ತಿತ್ತು. ಎಂ.ಸಿ.ಬಿ. ಮಾತ್ರ ಬೀಳದೆ ನೆಟ್ಟಗೆ ನಿಂತಿತ್ತು. ಶೆಡ್ಡು ಉಳಿಯಿತು. ಆದರೆ ತಟ್ಟೆಗಳಲ್ಲಿದ್ದ ಪಾರ್ಚ್‌ಮೆಂಟ್ ಕಾಫಿ ಅಷ್ಟೂ ಆ ಹೊಗೆಯನ್ನು ಹೀರಿತ್ತು. ಕೊಳ್ಳಲು ಬಂದವರು ಮುಷ್ಟಿಯಲ್ಲಿ ತೆಗೆದು ಮೂಗಿಗೆ ಹಿಡಿದು, ಏನೂ ಹೇಳದೆ ಚೀಲದ ಬಾಯಿ ಕಟ್ಟಿದರು.

ಪದವಿ ತರಗತಿಯಲ್ಲಿ ಓಮನ ನಿಯಮ ಓದಿ ಪರೀಕ್ಷೆ ಬರೆದವನು ನಾನು. ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದ್ದು ಮಾತ್ರ ಆ ಬೆಳಿಗ್ಗೆ.

ಮಧ್ಯರಾತ್ರಿಯ ಲೆಕ್ಕ

ಹೀಟರ್ ಎಂದರೆ ಒಂದು ರೋಧದ ತಂತಿ, ಅಷ್ಟೇ. 230 ವೋಲ್ಟಿಗೆ 2 ಕಿಲೋವ್ಯಾಟ್ ಎಂದು ಬರೆದ ಹೀಟರಿನ ರೋಧ ಸುಮಾರು 26 ಓಮ್. ಕಾದರೂ ಈ ರೋಧ ಹೆಚ್ಚೇನೂ ಬದಲಾಗದು. 230 ವೋಲ್ಟಿನಲ್ಲಿ ಅದು ಎಳೆಯುವ ಪ್ರವಾಹ 8.7 ಆಂಪಿಯರ್, ಎರಡಕ್ಕೆ 17.4. ಕಿಲೋವ್ಯಾಟಿಗೆ ಸುಮಾರು ನಾಲ್ಕೂವರೆ ಆಂಪಿಯರ್ ಎಂದು ಬಾಯಿಪಾಠ ಮಾಡಿಕೊಂಡರೆ ಸಾಕು, ಸ್ವಲ್ಪ ಹೆಚ್ಚಿನ ಕಡೆಗೇ ಇರುತ್ತದೆ.

ಇಲ್ಲಿ ಪಂಪ್‌ಸೆಟ್ಟಿನ ಅನುಭವ ನಮ್ಮನ್ನು ದಾರಿ ತಪ್ಪಿಸುತ್ತದೆ. ವೋಲ್ಟೇಜ್ ಕುಸಿದರೆ ಮೋಟಾರು ಹೆಚ್ಚು ಕರೆಂಟ್ ಎಳೆದು ಕಾಯಿಲ್ ಸುಡುತ್ತದೆ ಎಂಬುದು ನಮಗೆಲ್ಲ ಗೊತ್ತು. ಹೀಟರ್ ಇದಕ್ಕೆ ತದ್ವಿರುದ್ಧ. ವೋಲ್ಟೇಜ್ ಇಳಿದರೆ ಅದರ ಕರೆಂಟೂ ಇಳಿಯುತ್ತದೆ, ಏರಿದರೆ ಏರುತ್ತದೆ. ಸಂಜೆ ಏಳರ ಹೊತ್ತಿಗೆ ಊರಿನ ಮನೆಗಳಲ್ಲೆಲ್ಲ ದೀಪ, ಟಿ.ವಿ., ಮಿಕ್ಸಿ. ನಮ್ಮ ಟಿ.ಸಿ.ಯ ಕೊನೆಯ ಮನೆಯಾದ ನಮ್ಮಲ್ಲಿ ಆಗ 195 ವೋಲ್ಟ್ ತೋರಿಸುತ್ತಿತ್ತು. ಎರಡು ಹೀಟರಿಗೆ ಆಗ 14.7 ಆಂಪಿಯರ್, 16ರ ಎಂ.ಸಿ.ಬಿ. ನಿರಾಳ. ರಾತ್ರಿ ಒಂದರ ಹೊತ್ತಿಗೆ ಊರು ಮಲಗಿ ವೋಲ್ಟೇಜ್ 250ಕ್ಕೆ ಏರುತ್ತಿತ್ತು. ಅದೇ ಎರಡು ಹೀಟರಿಗೆ 18.9 ಆಂಪಿಯರ್. ಎಂ.ಸಿ.ಬಿ. ಬೀಳದೆ ಏನು ಮಾಡೀತು?

ಶಾಖದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು, ಯಾಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ಸರಿಯಾಗಿ ಏರಿಳಿಯುತ್ತದೆ. 4 ಕಿಲೋವ್ಯಾಟೆಂದು ನಾನು ನಂಬಿದ್ದ ಹೀಟರುಗಳು ಸಂಜೆ ಕೊಡುತ್ತಿದ್ದುದು 2.9 ಕಿಲೋವ್ಯಾಟ್, ನಡುರಾತ್ರಿ 4.7. ಸಂಜೆ ಒಣಗುವುದು ನಿಧಾನ ಎಂದು ಮೂರನೆಯ ಹೀಟರ್ ಹಾಕುವ ಆಸೆ ಹುಟ್ಟಿದ್ದೂ ಇದರಿಂದಲೇ.

ಮೂರನ್ನೂ ಹಾಕಿದ ರಾತ್ರಿ 250 ವೋಲ್ಟಿನಲ್ಲಿ ತಂತಿಯೊಳಗೆ ಹರಿದದ್ದು 28 ಆಂಪಿಯರಿಗೂ ಮೇಲೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗದಂತೆ ಏರುತ್ತದೆ. 16ರಿಂದ 28ಕ್ಕೆ ಹೋದಾಗ ಶಾಖ ಎರಡು ಪಟ್ಟಾಗಲಿಲ್ಲ, ಮೂರು ಪಟ್ಟಾಯಿತು. (1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದವರು ವೋಲ್ಟೇಜನ್ನು ಸಾವಿರಗಟ್ಟಲೆ ಏರಿಸಿ ಪ್ರವಾಹವನ್ನು ಸಣ್ಣದು ಮಾಡಿದ್ದು ಈ ವರ್ಗದ ಲೆಕ್ಕಕ್ಕೆ ಹೆದರಿಯೇ. ನಮ್ಮ ಜಿಲ್ಲೆಯ ಪಕ್ಕದಲ್ಲೇ ನಡೆದ ಪಾಠ.)

ಎಂ.ಸಿ.ಬಿ. ಇರುವುದು ಹೀಟರನ್ನು ಕಾಯಲು ಅಲ್ಲ, ತಂತಿಯನ್ನು ಕಾಯಲು. ಅದರ ಅಂಕಿಯನ್ನು ನಿರ್ಧರಿಸುವುದು ತಂತಿಯ ದಪ್ಪ, ನಮ್ಮ ಅವಸರವಲ್ಲ. ಪೈಪಿನೊಳಗೆ ಎಳೆದ ತಾಮ್ರದ ತಂತಿಗೆ ನಾನು ಈಗ ಅನುಸರಿಸುವುದು ಇಷ್ಟು: 2.5 ಚದರ ಮಿಲಿಮೀಟರಿಗೆ 16, 4ಕ್ಕೆ 20, 6ಕ್ಕೆ 32. ಅಲ್ಯೂಮಿನಿಯಂ ತಂತಿಗೆ ಇದಕ್ಕಿಂತ ಕಡಿಮೆ. ಇನ್ನು ಗಂಟೆಗಟ್ಟಲೆ ಬಿಡುವಿಲ್ಲದೆ ಓಡುವ ಹೀಟರಿಗೆ ಎಂ.ಸಿ.ಬಿ.ಯ ಅಂಕಿಯಲ್ಲಿ 80 ಭಾಗಕ್ಕಿಂತ ಹೆಚ್ಚು ಹೊರಿಸಬಾರದು. 16ರದಕ್ಕೆ 13 ಆಂಪಿಯರ್, ಅಂದರೆ 3 ಕಿಲೋವ್ಯಾಟ್. ನಾನು 4 ಹೊರಿಸಿದ್ದೆ.

ಬೀಳುವ ರೀತಿಯನ್ನು ನೋಡಿ

ಎಂ.ಸಿ.ಬಿ.ಯೊಳಗೆ ಎರಡು ಸಾಧನಗಳಿವೆ. ಒಂದು, ಎರಡು ಲೋಹಗಳನ್ನು ಬೆಸೆದ ಪಟ್ಟಿ. ಹೆಚ್ಚಿನ ಪ್ರವಾಹಕ್ಕೆ ನಿಧಾನವಾಗಿ ಕಾದು ಬಾಗಿ ಕೊಂಡಿ ಬಿಡಿಸುತ್ತದೆ. ಇನ್ನೊಂದು ಅಯಸ್ಕಾಂತದ ಸುರುಳಿ; ಶಾರ್ಟ್ ಆದಾಗ ಕಣ್ಣುಮಿಟುಕಿಸುವಷ್ಟರಲ್ಲಿ ಬೀಳಿಸುತ್ತದೆ. ಮನೆಗಳಿಗೆ ಬರುವ ಎಂ.ಸಿ.ಬಿ.ಯ ಮಟ್ಟ ಹೀಗಿದೆ: ಬರೆದ ಅಂಕಿಯ 1.13 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬಾರದು, 1.45 ಪಟ್ಟು ಹರಿದರೆ ಗಂಟೆಯೊಳಗೆ ಬೀಳಲೇಬೇಕು. ಈ ಅಳತೆ 30 ಡಿಗ್ರಿ ಉಷ್ಣತೆಗೆ ಮಾಡಿದ್ದು. ಡ್ರೈಯರಿನ ನೆತ್ತಿಯ ಮೇಲೆ, ತಗಡಿನ ಚಾವಣಿಯ ಕೆಳಗೆ ಬೋರ್ಡ್ ಹೊಡೆದವರಲ್ಲಿ ಅದು ಇನ್ನೂ ಬೇಗ ಬೀಳುತ್ತದೆ. ಬೋರ್ಡನ್ನು ಶೆಡ್ಡಿನ ಹೊರಗೋಡೆಗೆ, ಮಳೆ ಬೀಳದ ಮಗ್ಗುಲಿಗೆ ಸರಿಸಿದಷ್ಟಕ್ಕೇ ತೊಂದರೆ ನಿಂತ ಮನೆಗಳನ್ನು ನಾನು ನೋಡಿದ್ದೇನೆ.

ಆದ್ದರಿಂದ ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಅದು ಹೆಚ್ಚು ಲೋಡಿನ ದೋಷವಲ್ಲ. ಎಲ್ಲೋ ಶಾರ್ಟ್ ಆಗಿದೆ ಅಥವಾ ಹೀಟರಿನ ತುದಿ ತಗಡಿಗೆ ತಾಗಿದೆ. ಬಲ್ಬಿನ ತಂತಿಯಂತೆ ಹೀಟರ್ ತಣ್ಣಗಿರುವಾಗ ಹತ್ತು ಪಟ್ಟು ಪ್ರವಾಹ ಎಳೆಯುವುದಿಲ್ಲ, ಆದ್ದರಿಂದ ‘ಶುರುವಿನ ಎಳೆತ’ ಎಂಬ ನೆಪ ಇಲ್ಲಿ ಸಲ್ಲದು. ಮತ್ತೆ ಎತ್ತಿ ನೋಡುವ ಪ್ರಯೋಗ ಬೇಡ. ಅರ್ಧ ಗಂಟೆ, ಒಂದು ಗಂಟೆ ಓಡಿ ಬಿದ್ದರೆ ಲೋಡು ಹೆಚ್ಚಾಗಿದೆ, ಇಲ್ಲವೇ ಎಂ.ಸಿ.ಬಿ.ಯ ತಿರುಪು ಸಡಿಲಾಗಿದೆ. ಸಡಿಲ ತಿರುಪಿನ ಬುಡ ಕಾದು ಆ ಶಾಖ ಒಳಗಿನ ಪಟ್ಟಿಗೆ ಏರಿ, 10 ಆಂಪಿಯರಿಗೇ 16ರದು ಬೀಳುವುದುಂಟು. ಮೈನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ತಿರುಪು ಬಿಗಿ ಮಾಡಿಸಿ. ಅಲ್ಯೂಮಿನಿಯಂ ತಂತಿ ಇದ್ದವರು ಪ್ರತಿ ಸುಗ್ಗಿಗೂ ಇದನ್ನು ಮಾಡಿಸಲೇಬೇಕು.

ಮೂರನೆಯದು ಆರ್.ಸಿ.ಸಿ.ಬಿ., ಹಳಬರು ಇ.ಎಲ್.ಸಿ.ಬಿ. ಎನ್ನುವುದು. ಅದು ಬಿದ್ದರೆ ಲೋಡಿನ ಮಾತೇ ಅಲ್ಲ, ಕರೆಂಟ್ ಭೂಮಿಗೆ ಸೋರುತ್ತಿದೆ. ನಮ್ಮ ಕಡೆ ಇದು ಹೆಚ್ಚಾಗಿ ಆಗುವುದು ಸುಗ್ಗಿಯ ಮೊದಲ ದಿನ. ಕೊಳವೆಯಂಥ ಹೀಟರಿನೊಳಗೆ ಕಾಯಿಲಿನ ಸುತ್ತ ಬಿಳಿಯ ಪುಡಿ ತುಂಬಿರುತ್ತಾರೆ, ಮೆಗ್ನೀಷಿಯಂ ಆಕ್ಸೈಡ್. ಮಳೆಗಾಲದ ನಾಲ್ಕು ತಿಂಗಳು ಸುಮ್ಮನೆ ಬಿದ್ದಿದ್ದರೆ ಅದು ತುದಿಯಿಂದ ತೇವ ಹೀರುತ್ತದೆ. ಹೀಟರನ್ನು ಬಿಚ್ಚಿ ಎರಡು ಮೂರು ದಿನ ಚುರುಕು ಬಿಸಿಲಿಗೆ ಇಟ್ಟು, ಸೋರಿಕೆ ಅಳೆಸಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅದನ್ನು ಬಿಟ್ಟು ಆರ್.ಸಿ.ಸಿ.ಬಿ.ಯನ್ನೇ ಕಿತ್ತು ನೇರ ಜೋಡಿಸುವವರಿದ್ದಾರೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು, ಚೊಗರು ಮೆತ್ತಿದ ಕೈಯಲ್ಲಿ ತಗಡಿನ ತಟ್ಟೆ ಎಳೆಯುವವರು ಕೂಲಿಗೆ ಬಂದ ಹೆಣ್ಣುಮಕ್ಕಳು. 30 ಮಿಲಿಆಂಪಿಯರಿನ ಆ ಪೆಟ್ಟಿಗೆ ಇರುವುದು ಅವರ ಜೀವಕ್ಕೆ. ಡ್ರೈಯರಿನ ಮೈಗೆ ಅರ್ಥ್ ತಂತಿಯೂ ಬೇಕು, ಆರ್.ಸಿ.ಸಿ.ಬಿ. ಇದೆಯೆಂದು ಅರ್ಥ್ ಬಿಡುವ ಹಾಗಿಲ್ಲ.

ಥರ್ಮೋಸ್ಟಾಟ್ ಕರೆಂಟನ್ನು ಕಡಿಮೆ ಮಾಡುವುದಿಲ್ಲ

ನಮ್ಮಲ್ಲಿ ಬಹಳ ಜನರಿಗೆ ಇರುವ ತಪ್ಪು ತಿಳಿವಳಿಕೆ ಇದು. “ಥರ್ಮೋಸ್ಟಾಟ್ ಹಾಕಿಸಿದ್ದೀನಿ, ಇನ್ನು ಎಂ.ಸಿ.ಬಿ. ಬೀಳಲ್ಲ” ಎನ್ನುತ್ತಾರೆ. ಥರ್ಮೋಸ್ಟಾಟ್ ಮಾಡುವುದು ಪೂರ್ತಿ ಹಾಕುವುದು, ಪೂರ್ತಿ ತೆಗೆಯುವುದು. ಹಾಕಿದಷ್ಟು ಹೊತ್ತು ಪ್ರವಾಹ ಅಷ್ಟಕ್ಕಷ್ಟೇ. ಅದರಿಂದ ಯೂನಿಟ್ ಉಳಿಯುತ್ತದೆ, ಕಾಫಿ ಸುಡುವುದು ತಪ್ಪುತ್ತದೆ, ಆಂಪಿಯರ್ ಇಳಿಯುವುದಿಲ್ಲ. ಮಳೆಯ ರಾತ್ರಿಯಲ್ಲಿ ಗಾಳಿ ತಣ್ಣಗಿರುವಾಗ ಅದು ಗಂಟೆಗಟ್ಟಲೆ ಹಾಕಿಯೇ ಇರುತ್ತದೆ.

ಆಂಪಿಯರ್ ಇಳಿಸಬೇಕಾದರೆ ಶಾಖವನ್ನು ಭಾಗ ಮಾಡಬೇಕು. ಹುಣಸೂರು, ಪಿರಿಯಾಪಟ್ಟಣದವರಿಗೆ ಇದನ್ನು ಹೇಳಿಕೊಡುವ ಅಗತ್ಯವೇ ಇಲ್ಲ. ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಕೂತವರು ಒಲೆಯ ತುಂಬ ಸೌದೆ ತುರುಕಿ, ಬಿಸಿ ಜಾಸ್ತಿಯಾಯಿತೆಂದು ನೀರು ಹಾಕಿ ಆರಿಸಿ, ಮತ್ತೆ ತುರುಕುತ್ತಾರೆಯೇ? ಎಲೆ ಹಳದಿಯಾಗುವ ತನಕ ಸಣ್ಣ ಉರಿ, ದಂಟು ಒಣಗುವಾಗ ದೊಡ್ಡ ಉರಿ, ಒಂದೊಂದೇ ಕೊರಡು. ಹೀಟರಿಗೂ ಅದೇ ಹದ.

ನಮ್ಮ ಡ್ರೈಯರನ್ನು ಈಗ ಹೀಗೆ ಮಾಡಿಸಿದ್ದೇನೆ. 2 ಕಿಲೋವ್ಯಾಟಿನ ಮೂರನ್ನು ತೆಗೆಸಿ 1 ಕಿಲೋವ್ಯಾಟಿನ ನಾಲ್ಕು ಹಾಕಿಸಿದೆ. ಎರಡೆರಡಕ್ಕೆ ಒಂದು ಎಂ.ಸಿ.ಬಿ., ಒಂದೊಂದು ಜೋಡಿಗೂ ಬೇರೆ ತಂತಿ, ಬೇರೆ ನ್ಯೂಟ್ರಲ್. ಒಂದು ಹೀಟರ್ ಸದಾ ಚಾಲೂ, ಅದು ತಳದ ಉರಿ. ಎರಡನೆಯದನ್ನೂ ಮೂರನೆಯದನ್ನೂ ಹೊತ್ತು ನೋಡಿ ಕೈಯಿಂದ ಹಾಕುತ್ತೇವೆ. ಥರ್ಮೋಸ್ಟಾಟ್ ಇರುವುದು ನಾಲ್ಕನೆಯದಕ್ಕೆ ಮಾತ್ರ. ಅದು ಹಾಕಿ ತೆಗೆದರೆ ಏರಿಳಿಯುವುದು ನಾಲ್ಕೂವರೆ ಆಂಪಿಯರ್ ಅಷ್ಟೇ. ಮನೆಯ ದೀಪ ಮಿಣುಕುವುದೂ ನಿಂತಿದೆ.

ಇದಕ್ಕಿಂತ ಅಗ್ಗದ ಒಂದು ಉಪಾಯ ಹಳೆಯ ಕಾಲದ ಎಲೆಕ್ಟ್ರಿಕ್ ಒಲೆಗಳಲ್ಲೇ ಇತ್ತು. ಒಂದೇ ಅಳತೆಯ ಎರಡು ಹೀಟರುಗಳನ್ನು ಪಕ್ಕಪಕ್ಕಕ್ಕೆ, ಅಂದರೆ ಸಮಾಂತರವಾಗಿ ಜೋಡಿಸಿದರೆ 4 ಕಿಲೋವ್ಯಾಟ್. ಒಂದನ್ನೇ ಹಾಕಿದರೆ 2. ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಸೇರಿಸಿ ಸರಣಿಯಾಗಿ ಜೋಡಿಸಿದರೆ, ಪ್ರತಿಯೊಂದಕ್ಕೂ ಅರ್ಧ ವೋಲ್ಟೇಜ್ ಸಿಕ್ಕಿ ಎರಡೂ ಸೇರಿ 1 ಕಿಲೋವ್ಯಾಟ್, ಪ್ರವಾಹ 4.3 ಆಂಪಿಯರ್. ಈಗಾಗಲೇ 2 ಕಿಲೋವ್ಯಾಟಿನ ಹೀಟರ್ ಕೊಂಡವರು ಹೊಸದಕ್ಕೆ ದುಡ್ಡು ಹಾಕದೆ ಮೂರು ಮಟ್ಟದ ಉರಿ ಪಡೆಯಬಹುದು. ಹೀಟರ್ ಕೆಂಪಗೆ ಕಾಯದ ಕಾರಣ ಬಾಳಿಕೆಯೂ ಹೆಚ್ಚು. ಆದರೆ ಜೋಡಣೆ ಬದಲಿಸಲು ಅದಕ್ಕೆಂದೇ ಇರುವ ತಿರುಗುವ ಸ್ವಿಚ್ಚನ್ನು ಕಂಟ್ರಾಕ್ಟರಿಂದ ಹಾಕಿಸಬೇಕು. ತಂತಿಯ ತುದಿಗಳನ್ನು ಕೈಯಲ್ಲಿ ಬಿಚ್ಚಿ ಕಟ್ಟುವ ಕೆಲಸ ಇದಲ್ಲ.

ಮೂರು ಫೇಸ್ ಇರುವವರು

ಮೂರು ಫೇಸಿನ ಸಂಪರ್ಕ ಇದ್ದವರಿಗೆ ಕೆಲಸ ಸುಲಭ. 6 ಕಿಲೋವ್ಯಾಟನ್ನು ಒಂದೇ ಫೇಸಿಗೆ ಹೊರಿಸಿದರೆ 26 ಆಂಪಿಯರ್. ಫೇಸಿಗೆ 2 ಕಿಲೋವ್ಯಾಟಿನಂತೆ ಹಂಚಿದರೆ ಪ್ರತಿ ಫೇಸಿನಲ್ಲಿ 8.7. ನ್ಯೂಟ್ರಲಿನಲ್ಲಿ ಹೆಚ್ಚುಕಡಿಮೆ ಏನೂ ಹರಿಯದು. ಹಾಗೆಂದು ನ್ಯೂಟ್ರಲನ್ನು ಉದಾಸೀನ ಮಾಡಬಾರದು. ಒಂದು ಫೇಸಿನ ಹೀಟರ್ ಆಫ್ ಇರುವಾಗ ನ್ಯೂಟ್ರಲ್ ತುಂಡಾದರೆ ಉಳಿದೆರಡು ಫೇಸಿನ ಹೀಟರುಗಳು 415 ವೋಲ್ಟನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ. ಹೀಟರ್ ಆಫ್ ಇರುವ ಆ ಫೇಸಿಗೆ ಒಂದು ಬಲ್ಬೋ ಕಂಟ್ರೋಲ್ ಪೆಟ್ಟಿಗೆಯೋ ಜೋಡಿಸಿದ್ದರೆ ಅದರ ಗತಿ ಮುಗಿಯಿತು. ನ್ಯೂಟ್ರಲಿನ ಗಂಟನ್ನು ಫೇಸಿನಷ್ಟೇ ಗಟ್ಟಿ ಮಾಡಿಸಿ.

ಸ್ಟಾರ್, ಡೆಲ್ಟಾ ಎಂದು ಬದಲಿಸಿ ಶಾಖವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸುವ ಕ್ರಮವಿದೆ. ಅದು 415 ವೋಲ್ಟಿಗೆಂದು ಮಾಡಿದ ಹೀಟರಿಗೆ ಮಾತ್ರ. 230ರ ಹೀಟರನ್ನು ಡೆಲ್ಟಾಕ್ಕೆ ಹಾಕಿದರೆ ಮೂರು ಪಟ್ಟಿಗೂ ಹೆಚ್ಚು ಶಾಖ ಹುಟ್ಟಿ ಕಾಯಿಲ್ ಕೆಲವೇ ಹೊತ್ತಿನಲ್ಲಿ ಕರಗುತ್ತದೆ. ಸಣ್ಣ ಬೆಳೆಗಾರರಿಗೆ ಈ ಗೋಜು ಬೇಡವೆಂದೇ ನನ್ನ ಅಭಿಪ್ರಾಯ.

ತೋಟದ ಪಂಪ್‌ಸೆಟ್ಟಿನ ಸಾಲಿನಿಂದ ಡ್ರೈಯರಿಗೆ ತಂತಿ ಎಳೆಯುವವರಿಗೆ ಒಂದು ಮಾತು. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ವಿದ್ಯುತ್ ಬಳಸುವುದು 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿಗೆ ಸಿಕ್ಕುತ್ತದೆ. ಲೆಕ್ಕ ಹಾಕುವುದು ದರದ ಎರಡು ಪಟ್ಟು. ಸೆಸ್ಕ್ ಉಪವಿಭಾಗಕ್ಕೆ ಅರ್ಜಿ ಕೊಟ್ಟು ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳುವುದೇ ಅಗ್ಗ. ಮನೆಯ ಮೀಟರಿನಲ್ಲೇ ಓಡಿಸುವವರು ಗೃಹಜ್ಯೋತಿಯ 200 ಯೂನಿಟ್ಟಿನ ಗೆರೆಯನ್ನೂ ನೆನಪಿಡಿ. 2 ಕಿಲೋವ್ಯಾಟ್ ದಿನಕ್ಕೆ ಹತ್ತು ಗಂಟೆ ಓಡಿದರೆ ಹತ್ತೇ ದಿನದಲ್ಲಿ 200 ಯೂನಿಟ್ ಮುಗಿಯುತ್ತದೆ. ಗೆರೆ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ.

ರೆಗ್ಯುಲೇಟರುಗಳ ವಿಚಾರ

ಗುಂಡಿ ತಿರುಗಿಸಿ ಶಾಖ ಇಳಿಸುವ ಸಾಧನಗಳನ್ನು ಈಗ ಅಂಗಡಿಗಳಲ್ಲಿ ತೋರಿಸುತ್ತಾರೆ. ಫ್ಯಾನಿನ ರೆಗ್ಯುಲೇಟರನ್ನು ಹೀಟರಿಗೆ ಹಾಕುವುದು ಹುಡುಗಾಟ, ಅದು ಅಷ್ಟು ಪ್ರವಾಹ ತಾಳದು. ಡಯೋಡ್ ಒಂದನ್ನು ಸಾಲಿನಲ್ಲಿ ಸೇರಿಸಿ ಅಲೆಯ ಅರ್ಧ ಕತ್ತರಿಸುವ ಯುಕ್ತಿಯೂ ಬೇಡ, ಅದರಿಂದ ಟಿ.ಸಿ.ಗೂ ತೊಂದರೆ, ಕೆಲವು ಆರ್.ಸಿ.ಸಿ.ಬಿ.ಗಳು ಸೋರಿಕೆಯನ್ನು ಗುರುತಿಸುವುದನ್ನೇ ಬಿಡುತ್ತವೆ. ಪ್ರತಿ ಅಲೆಯ ಒಂದಷ್ಟು ಭಾಗವನ್ನು ಕತ್ತರಿಸುವ ಡಿಮ್ಮರ್ ಬಗೆಯವು ನಿಜಕ್ಕೂ ಆಂಪಿಯರ್ ಇಳಿಸುತ್ತವೆ, ರೇಡಿಯೋದಲ್ಲಿ ಗೊರಗೊರ ಸದ್ದು ಎಬ್ಬಿಸುತ್ತವೆ. ಪೆಟ್ಟಿಗೆಯ ಮೇಲೆ 4000 ವ್ಯಾಟ್ ಎಂದು ಬರೆದಿದ್ದರೆ ನಾನಂತೂ ಅರ್ಧವನ್ನಷ್ಟೇ ನಂಬುತ್ತೇನೆ.

ಇವೆಲ್ಲಕ್ಕಿಂತ ಮೇಲಾದದ್ದು ಸಾಲಿಡ್ ಸ್ಟೇಟ್ ರಿಲೇ, ಜೊತೆಗೆ ಉಷ್ಣತೆ ಅಳೆದು ಅದಕ್ಕೆ ಆಜ್ಞೆ ಕೊಡುವ ಕಂಟ್ರೋಲರ್. ಇದು ಅಲೆಯನ್ನು ನಡುವೆ ಕತ್ತರಿಸುವುದಿಲ್ಲ. ಸೆಕೆಂಡಿಗೆ ಬರುವ 50 ಅಲೆಗಳಲ್ಲಿ 25ನ್ನು ಬಿಟ್ಟು 25ನ್ನು ತಡೆದರೆ ಶಾಖ ಅರ್ಧವಾಯಿತು. ಹಾಕಿ ತೆಗೆಯುವುದು ಸೆಕೆಂಡಿನ ಲೆಕ್ಕದಲ್ಲಿ ನಡೆಯುವುದರಿಂದ ಎಂ.ಸಿ.ಬಿ.ಯ ಲೋಹದ ಪಟ್ಟಿ ಸರಾಸರಿ ಶಾಖವನ್ನೇ ಕಾಣುತ್ತದೆ. 4 ಕಿಲೋವ್ಯಾಟನ್ನು ಅರ್ಧಕ್ಕೆ ಓಡಿಸಿದರೆ ಪಟ್ಟಿಯ ಪಾಲಿಗೆ ಅದು 17.4 ಅಲ್ಲ, 12.3 ಆಂಪಿಯರ್. ನಿಮಿಷಗಟ್ಟಲೆ ಹಾಕಿಕೊಂಡಿರುವ ಥರ್ಮೋಸ್ಟಾಟಿಗೂ ಇದಕ್ಕೂ ಇರುವ ಭೇದ ಇದು.

ಎರಡು ಎಚ್ಚರಿಕೆಗಳಿವೆ. ಈ ರಿಲೇ ತಾನೂ ಕಾಯುತ್ತದೆ, ಆಂಪಿಯರಿಗೆ ಒಂದು ವ್ಯಾಟಿಗೂ ಸ್ವಲ್ಪ ಮೇಲೆ. ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ, ಗಾಳಿಯಾಡುವ ಕಡೆ ಕೂರಿಸಬೇಕು. ಎರಡನೆಯದು ಮುಖ್ಯ: ಕೆಟ್ಟಾಗ ಅದು ಸಾಮಾನ್ಯವಾಗಿ ಬಂದ್ ಆಗುವುದಿಲ್ಲ, ಚಾಲೂ ಆಗಿಯೇ ಉಳಿದುಬಿಡುತ್ತದೆ. ಆದ್ದರಿಂದ ತಂತಿ, ಎಂ.ಸಿ.ಬಿ. ಎರಡನ್ನೂ ಪೂರ್ತಿ ಲೋಡಿಗೇ ಲೆಕ್ಕ ಹಾಕಬೇಕು. ಅದರ ಮೇಲೆ, ಉಷ್ಣತೆ ಮಿತಿ ಮೀರಿದರೆ ಎಲ್ಲವನ್ನೂ ಬೀಳಿಸುವ ಬೇರೊಂದು ಥರ್ಮೋಸ್ಟಾಟ್ ಮತ್ತು ಕಾಂಟ್ಯಾಕ್ಟರ್ ಇರಬೇಕು. ಕಾಂಟ್ಯಾಕ್ಟರ್ ಎಂದರೆ ನಮ್ಮ ಪಂಪಿನ ಸ್ಟಾರ್ಟರಿನೊಳಗಿನದೇ, ಹೊಸದೇನಲ್ಲ.

ಕರೆಂಟ್ ಹೋಗಿ ಬಂದಾಗ

ರಾತ್ರಿ ಕರೆಂಟ್ ಹೋಗಿ ಅರ್ಧ ಗಂಟೆ ಬಿಟ್ಟು ಬಂದಿತು ಎನ್ನಿ. ಅಷ್ಟರಲ್ಲಿ ಡ್ರೈಯರ್ ತಣ್ಣಗಾಗಿ ಥರ್ಮೋಸ್ಟಾಟ್ ಕೂಡಿಕೊಂಡಿರುತ್ತದೆ. ಕರೆಂಟ್ ಬಂದ ಕ್ಷಣ ಎಲ್ಲ ಹೀಟರುಗಳೂ, ಬ್ಲೋಯರೂ, ಮನೆಯ ಫ್ರಿಜ್ಜೂ ನೀರಿನ ಮೋಟಾರೂ ಒಟ್ಟಿಗೆ ಎಳೆಯುತ್ತವೆ. ಮೋಟಾರುಗಳು ಹೊರಡುವಾಗ ಐದಾರು ಪಟ್ಟು ಕರೆಂಟ್ ಬೇಡುತ್ತವೆ. ಮೈನ್ ಬೀಳುವುದು ಇಂಥ ಹೊತ್ತಿನಲ್ಲೇ. ಇನ್ನೂ ಕೆಟ್ಟದ್ದು, ಬ್ಲೋಯರ್ ಹೊರಡದೆ ಹೀಟರ್ ಮಾತ್ರ ಕಾಯುವುದು. ಗಾಳಿಯಿಲ್ಲದ ಹೀಟರ್ ಕೆಂಪಗಾಗಿ, ಉದುರಿದ ಅಡಿಕೆ ಸಿಪ್ಪೆಗೋ ಕಾಫಿ ಹೊಟ್ಟಿಗೋ ಬೆಂಕಿ ಹಿಡಿಸುತ್ತದೆ.

ಸ್ಟಾರ್ಟರಿನ ಹಸಿರು ಗುಂಡಿಯ ವ್ಯವಸ್ಥೆಯನ್ನೇ ಇಲ್ಲೂ ಮಾಡಿಸಿ. ಕರೆಂಟ್ ಹೋದರೆ ಕಾಂಟ್ಯಾಕ್ಟರ್ ಬೀಳಬೇಕು. ಬಂದ ಮೇಲೆ ಮನುಷ್ಯ ಬಂದು ಒತ್ತಿದರೆ ಮಾತ್ರ ಏಳಬೇಕು. ಹೀಟರಿನ ಕಾಂಟ್ಯಾಕ್ಟರಿಗೆ ಬ್ಲೋಯರಿನ ಕಾಂಟ್ಯಾಕ್ಟರಿನ ಮೂಲಕವೇ ಕರೆಂಟ್ ಹೋಗುವಂತೆ ಜೋಡಿಸಿದರೆ ಬ್ಲೋಯರಿನ ಸ್ವಿಚ್ ಒತ್ತದೆ ಹೀಟರ್ ಏಳುವುದೇ ಇಲ್ಲ. ಬ್ಲೋಯರಿನ ಬೆಲ್ಟ್ ತುಂಡಾದದ್ದು ಮಾತ್ರ ಇದಕ್ಕೆ ತಿಳಿಯದು. ಅದಕ್ಕೆ ಮೇಲೆ ಹೇಳಿದ ಮಿತಿಯ ಥರ್ಮೋಸ್ಟಾಟೇ ಕಾವಲು. ರಾತ್ರಿ ಎದ್ದು ಹೋಗಲಾರದವರು ಟೈಮರ್ ರಿಲೇ ಹಾಕಿಸಿ: ಮೊದಲು ಬ್ಲೋಯರ್, ಇಪ್ಪತ್ತು ಸೆಕೆಂಡಿಗೆ ಮೊದಲ ಹೀಟರ್, ಮತ್ತೆ ಇಪ್ಪತ್ತಕ್ಕೆ ಎರಡನೆಯದು. ನಿಲ್ಲಿಸುವಾಗ ಹೀಟರ್ ಮೊದಲು, ಹತ್ತು ನಿಮಿಷ ಬಿಟ್ಟು ಬ್ಲೋಯರ್.

ಅಷ್ಟು ಶಾಖ ನಮಗೆ ಬೇಕೇ?

ಆ ಬೆಳಿಗ್ಗೆ ಪೆನ್ಸಿಲ್ ಹಿಡಿದು ಕೂತಾಗ ಕೊನೆಗೆ ಎದ್ದ ಪ್ರಶ್ನೆ ಇದು. ಮೊದಲೇ ಕೇಳಿಕೊಂಡಿದ್ದರೆ ಮೂರನೆಯ ಹೀಟರಿನ ಆಸೆಯೇ ಹುಟ್ಟುತ್ತಿರಲಿಲ್ಲ.

ಮಳೆಯ ದಿನದ ಗಾಳಿ 22 ಡಿಗ್ರಿ, ತೇವ ನೂರಕ್ಕೆ 95 ಎಂದಿಟ್ಟುಕೊಳ್ಳಿ. ಅಂಥ ಗಾಳಿಯಲ್ಲಿ ಏನೂ ಒಣಗದು. ಅದೇ ಗಾಳಿಯನ್ನು 12 ಡಿಗ್ರಿ ಮಾತ್ರ ಬಿಸಿ ಮಾಡಿ 34ಕ್ಕೆ ತಂದರೆ ಅದರ ತೇವ ನೂರಕ್ಕೆ 47ಕ್ಕೆ ಇಳಿಯುತ್ತದೆ. ಒಳ್ಳೆಯ ಬಿಸಿಲ ದಿನದ ಗಾಳಿಯಂತೆ ಒಣಗಿಸುತ್ತದೆ. ಗಂಟೆಗೆ 1000 ಘನ ಮೀಟರ್ ಗಾಳಿ ತಳ್ಳುವ ಬ್ಲೋಯರಿದ್ದರೆ ಇದಕ್ಕೆ ಬೇಕಾದದ್ದು 4 ಕಿಲೋವ್ಯಾಟ್. ಗಾಳಿ ಅರ್ಧವಾದರೆ 2 ಕಿಲೋವ್ಯಾಟ್ ಸಾಕು. ಪಾರ್ಚ್‌ಮೆಂಟಿಗೆ 40 ಡಿಗ್ರಿಯ ಆಸುಪಾಸು ಸಾಕು, 45 ದಾಟಿಸಿದರೆ ರುಚಿ ಕೆಡುತ್ತದೆ. ಬೇಯಿಸಿದ ಅಡಿಕೆ ಇನ್ನೂ ಸ್ವಲ್ಪ ತಾಳುತ್ತದೆ, ಆದರೆ ಅವಸರದ ಬಿಸಿಗೆ ಮೇಲ್ಮೈ ಬಿಗಿದು ಒಳಗೆ ಹಸಿ ಉಳಿಯುತ್ತದೆ. ಚೀಲದಲ್ಲಿ ಬೂಷ್ಟು ಬಂದಾಗಲೇ ಅದು ಗೊತ್ತಾಗುವುದು.

ಯೂನಿಟ್ಟಿನ ಲೆಕ್ಕವನ್ನೂ ನೋಡಿ. ಒಂದು ಕಿಲೋ ನೀರು ಆವಿಯಾಗಲು ಕನಿಷ್ಠ 0.67 ಯೂನಿಟ್ ಬೇಕು. ನಮ್ಮಂಥ ಡ್ರೈಯರುಗಳಲ್ಲಿ ಅದರ ಇಮ್ಮಡಿ ಹಿಡಿಯುವುದು ಲೇಸು. ತೊಳೆದು ತೆಗೆದ 100 ಕಿಲೋ ಹಸಿ ಪಾರ್ಚ್‌ಮೆಂಟಿನಲ್ಲಿ ತೇವ ಸುಮಾರು ನೂರಕ್ಕೆ 53. ಅದನ್ನು 10ಕ್ಕೆ ತರಲು 48 ಕಿಲೋ ನೀರು ಹೋಗಬೇಕು, ಅಂದರೆ 60 ಯೂನಿಟ್ಟಿಗೂ ಮೇಲೆ. ಅದೇ ಕಾಫಿಯನ್ನು ಬಿಸಿಲಲ್ಲೋ ಸೌದೆ ಒಲೆಯ ಬಿಸಿಗಾಳಿಯಲ್ಲೋ ನೂರಕ್ಕೆ 20ರ ತನಕ ಒಣಗಿಸಿಕೊಂಡರೆ, ಅಂಥ 100 ಕಿಲೋದಿಂದ ತೆಗೆಯಬೇಕಾದದ್ದು 11 ಕಿಲೋ ನೀರು. 15 ಯೂನಿಟ್ ಸಾಕು. 2 ಕಿಲೋವ್ಯಾಟಿನಲ್ಲಿ ಏಳೆಂಟು ಗಂಟೆ, ಒಂದು ರಾತ್ರಿಯ ಕೆಲಸ, 16ರ ಎಂ.ಸಿ.ಬಿ. ಅಲುಗಾಡುವುದಿಲ್ಲ. ಮಳೆ ಹಿಡಿದ ದಿನಗಳಲ್ಲಿ ಹಸಿ ಕಾಫಿಯನ್ನೇ ತಟ್ಟೆಗೆ ಸುರಿಯಬೇಕಾಗುತ್ತದೆ, ನಿಜ. ಆಗಲೂ ಬ್ಲೋಯರನ್ನು ಮೊದಲ ಕೆಲವು ಗಂಟೆ ಬಿಸಿಯಿಲ್ಲದೆ ಓಡಿಸಿ ಮೇಲ್ನೀರು ಹಾರಿಸಿದರೆ ಹೀಟರಿನ ಭಾರ ಅಷ್ಟು ಇಳಿಯುತ್ತದೆ. ಡ್ರೈಯರಿನ ಬಾಗಿಲ ಸಂದುಗಳಿಗೆ ಗೋಣಿ ತುರುಕಿ ಮುಚ್ಚುವುದಕ್ಕಂತೂ ಕಾಸು ಖರ್ಚಿಲ್ಲ.

ತಂತಿಯನ್ನು ಬಿಚ್ಚದೆ, ಹೊರಗಿನಿಂದಲೇ ಕಚ್ಚಿಸಿ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರೊಂದನ್ನು ಸಂಘದ ಕಚೇರಿಗೆ ತರಿಸಿದ್ದೇವೆ. ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಹಾಕಿ ಒಯ್ಯಬಹುದು. ಸಂಜೆ ಏಳಕ್ಕೊಮ್ಮೆ, ರಾತ್ರಿ ಒಂದಕ್ಕೊಮ್ಮೆ ವೋಲ್ಟೇಜನ್ನೂ ಆಂಪಿಯರನ್ನೂ ಬರೆದುಕೊಂಡು ಬಂದರೆ ಲೆಕ್ಕವನ್ನು ಕೂತು ನೋಡೋಣ. ತಂತಿ, ಬೋರ್ಡಿನ ಕೆಲಸ ಮಾತ್ರ ಪರವಾನಗಿ ಇರುವ ಕಂಟ್ರಾಕ್ಟರಿಂದಲೇ ಆಗಲಿ. ಮೀಟರನ್ನು ಮೂರು ದಿನದೊಳಗೆ ಹಿಂದಿರುಗಿಸಬೇಕು. ಹಿಂದಿನ ಬಾರಿ ಒಯ್ದವರು ಅದರ ಬ್ಯಾಟರಿಯನ್ನು ತಮ್ಮ ಟಾರ್ಚಿಗೆ ಹಾಕಿಕೊಂಡಿದ್ದರು.